ಆರು ಸರ್ವೋ ಒಟ್ಟಿಗೆ ಓಡಿಸಿದರೆ ನಡುಗುತ್ತವೆ, ಡ್ರೈವರ್ ಬೋರ್ಡ್ ಕೆಟ್ಟಿದೆಯಾ?

ನೀವು ಬರೆದಿದ್ದು ಇಷ್ಟು: ಆರ್ಡುವಿನೋ ಊನೋ ಅನ್ನುವ ಪುಟ್ಟ ಕಂಟ್ರೋಲರ್ ಬೋರ್ಡಿಗೆ ಪಿಸಿಎ9685 ಚಿಪ್ ಇರುವ 16 ಚಾನೆಲ್ ಬೋರ್ಡ್, ಅಂದರೆ 16 ಸರ್ವೋಗಳಿಗೆ ಸಿಗ್ನಲ್ ಕೊಡುವ ಡ್ರೈವರ್ ಬೋರ್ಡ್ ಜೋಡಿಸಿದ್ದೀರಿ. ಅದಕ್ಕೆ ರೋಬೋ ಕೈಯ ಆರು ಸರ್ವೋ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರು), ದೊಡ್ಡವು ಮೂರು ಎಂಜಿ996ಆರ್, ಚಿಕ್ಕವು ಮೂರು ಎಸ್‌ಜಿ90. ಒಂದೊಂದೇ ಓಡಿಸಿದರೆ ಸರಿಯಾಗಿ ತಿರುಗುತ್ತವೆ, ಆರೂ ಒಟ್ಟಿಗೆ ಹೊರಟರೆ ಗಡಗಡ ನಡುಗಿ ಆರ್ಡುವಿನೋ ರೀಸೆಟ್ ಆಗುತ್ತದೆ. ಬೋರ್ಡಿನಲ್ಲಿ ಮೋಟಾರುಗಳಿಗೆ ವಿದ್ಯುತ್ ಕೊಡುವ ವಿ ಪ್ಲಸ್‌ಗೆ ಆರ್ಡುವಿನೋದ 5 ವೋಲ್ಟ್ ಪಿನ್ನಿಂದಲೇ ತಂತಿ ಎಳೆದಿದ್ದೀರಿ. ಹೊಸ ಬೋರ್ಡ್ ತರಲಾ ಅಂತ ಕೇಳಿದ್ದೀರಿ.

ತರಬೇಡಿ. ಬೋರ್ಡ್ ಚೆನ್ನಾಗಿಯೇ ಇದೆ, ನಿಮ್ಮ ಮೋಟಾರುಗಳಿಗೆ ಕರೆಂಟ್ ಸಾಲುತ್ತಿಲ್ಲ.

ಇದನ್ನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ನಮ್ಮಮ್ಮ ಪ್ರತಿವರ್ಷ ದಸರಾ ಗೊಂಬೆ ಕೂರಿಸುತ್ತಾರೆ. ಒಂದು ವರ್ಷ ಅದರಲ್ಲಿ ಒಂಬತ್ತು ಗೊಂಬೆಗಳಿಗೆ ಎಸ್‌ಜಿ90 ಕೂರಿಸಿ, ಇದೇ ಬೋರ್ಡಿಗೆ ಜೋಡಿಸಿದ್ದೆ. ಅಂಗಡಿ ಶೆಟ್ಟಿಯ ಕೈಯ ತಕ್ಕಡಿ ಏಳಬೇಕು, ಪಟ್ಟದ ಗೊಂಬೆಗಳು ತಲೆ ತಿರುಗಿಸಬೇಕು. ಮೇಜಿನ ಮೇಲೆ ಒಂದೊಂದಾಗಿ ನೋಡಿದಾಗ ಎಲ್ಲವೂ ಸರಿಯಿತ್ತು. ಮೊದಲ ದಿನ ಸಂಜೆ ಅರಿಶಿನ ಕುಂಕುಮಕ್ಕೆ ಬಂದವರ ಮುಂದೆ ಒಂಬತ್ತನ್ನೂ ಒಟ್ಟಿಗೆ ಬಿಟ್ಟರೆ, ಶೆಟ್ಟಿಯ ಕೈ ಚಳಿ ಹಿಡಿದವನ ಹಾಗೆ ನಡುಗಿತು. ಆಗ ನಾನು ಕೊಟ್ಟಿದ್ದು 5 ವೋಲ್ಟ್, 2 ಆಂಪಿಯರಿನ ಮೊಬೈಲ್ ಚಾರ್ಜರ್. ಬೋರ್ಡಿನ ಹಸಿರು ಸ್ಕ್ರೂ ಟರ್ಮಿನಲ್‌ಗೆ ಮಲ್ಟಿಮೀಟರ್ ಇಟ್ಟು ನೋಡಿದೆ. ಗೊಂಬೆಗಳು ಸುಮ್ಮನಿದ್ದಾಗ 5.1 ಇದ್ದದ್ದು ಎಲ್ಲವೂ ಹೊರಟ ಕ್ಷಣದಲ್ಲಿ 4ರ ಕೆಳಗೆ ಜಾರಿತು. ಮರುದಿನ ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ 5 ವೋಲ್ಟ್, 10 ಆಂಪಿಯರಿನ ಎಸ್‌ಎಂಪಿಎಸ್ (ಪವರ್ ಸಪ್ಲೈ) ತಂದು ಹಾಕಿದೆ. ಪ್ರೋಗ್ರಾಮಿನ ಒಂದು ಸಾಲನ್ನೂ ಮುಟ್ಟಲಿಲ್ಲ, ತಕ್ಕಡಿ ನಿಧಾನವಾಗಿ ಎದ್ದಿತು.

ಲೆಕ್ಕ ಹಾಕಿ ನೋಡಿ. ಎಸ್‌ಜಿ90 ತಡೆದು ನಿಂತಾಗ ಸುಮಾರು 700 ಮಿಲಿಆಂಪಿಯರ್ ಎಳೆಯುತ್ತದೆ, ಎಂಜಿ996ಆರ್ 6 ವೋಲ್ಟಿನಲ್ಲಿ ಸುಮಾರು 2.5 ಆಂಪಿಯರ್. ನಿಂತಲ್ಲಿಂದ ಹೊರಡುವ ಕ್ಷಣದಲ್ಲೂ ಮೋಟಾರು ಹೆಚ್ಚುಕಡಿಮೆ ಅಷ್ಟನ್ನೇ ಕೇಳುತ್ತದೆ. ನಿಮ್ಮ ಆರೂ ಸೇರಿದರೆ ಒಂಬತ್ತು ಆಂಪಿಯರ್ ದಾಟುತ್ತದೆ. ಊನೋದ ಯುಎಸ್‌ಬಿ ದಾರಿಯಲ್ಲಿರುವ ಫ್ಯೂಸು 500 ಮಿಲಿಆಂಪಿಯರಿನದು. ವೋಲ್ಟೇಜ್ ಕುಸಿದಾಗ ಆರ್ಡುವಿನೋ ರೀಸೆಟ್ ಆಗದೆ ಇನ್ನೇನಾಗಬೇಕು?

ಈ ಬೋರ್ಡಿನಲ್ಲಿ ಎರಡು ಪ್ಲಸ್ ಇವೆ, ಗೊಂದಲ ಶುರುವಾಗುವುದೇ ಅಲ್ಲಿ. ವಿಸಿಸಿ ಅನ್ನುವುದು ಚಿಪ್ಪಿನ ಊಟ. ಅದಕ್ಕೆ ಆರ್ಡುವಿನೋದ 5 ವೋಲ್ಟ್ ಧಾರಾಳವಾಗಿ ಸಾಕು (ರಾಸ್ಪ್‌ಬೆರಿ ಪೈ ಆದರೆ 3.3 ಕೊಡಿ). ವಿ ಪ್ಲಸ್ ಅನ್ನುವುದು ಮೋಟಾರುಗಳ ಊಟ, ಅದು ನೇರವಾಗಿ ಸರ್ವೋಗಳ ಕೆಂಪು ತಂತಿಗೆ ಹೋಗುತ್ತದೆ. ಚಿಪ್ಪು ಸಿಗ್ನಲ್ ಮಾತ್ರ ಹುಟ್ಟಿಸುತ್ತದೆ, ಕರೆಂಟ್ ಹುಟ್ಟಿಸುವುದಿಲ್ಲ. ಆದ್ದರಿಂದ ಆರ್ಡುವಿನೋದಿಂದ ವಿ ಪ್ಲಸ್‌ಗೆ ಬಂದ ತಂತಿ ತೆಗೆದುಬಿಡಿ. 5 ವೋಲ್ಟ್, 10 ಆಂಪಿಯರಿನ ಸಪ್ಲೈಯನ್ನು ಸ್ಕ್ರೂ ಟರ್ಮಿನಲ್‌ಗೆ ಕೊಡಿ. ಅದೂ ದಪ್ಪ ತಂತಿಯಲ್ಲಿ, ಬ್ರೆಡ್‌ಬೋರ್ಡಿನ ಜಂಪರ್ ತಂತಿಯಲ್ಲಿ ಬೇಡವೇ ಬೇಡ. ಅಷ್ಟು ತೆಳ್ಳಗಿನ ತಂತಿ ಬಿಸಿಯಾಗುತ್ತದೆ, ವೋಲ್ಟೇಜನ್ನು ದಾರಿಯಲ್ಲೇ ತಿನ್ನುತ್ತದೆ. ಸಪ್ಲೈನ ಗ್ರೌಂಡ್, ಬೋರ್ಡಿನ ಗ್ರೌಂಡ್, ಆರ್ಡುವಿನೋ ಗ್ರೌಂಡ್ ಮೂರೂ ಒಂದಾಗಿರಲೇಬೇಕು. ಗ್ರೌಂಡ್ ಬಿಟ್ಟುಹೋದರೆ ಸಿಗ್ನಲ್‌ಗೆ ಆಧಾರವೇ ಇಲ್ಲದೆ ಸರ್ವೋ ಮನಸ್ಸಿಗೆ ಬಂದ ಹಾಗೆ ತಿರುಗುತ್ತದೆ. ವಿ ಪ್ಲಸ್‌ಗೂ ಗ್ರೌಂಡಿಗೂ ನಡುವೆ 1000 ಮೈಕ್ರೋಫ್ಯಾರಡಿನ ಕೆಪಾಸಿಟರ್ (ಕರೆಂಟ್ ಕೂಡಿಟ್ಟುಕೊಂಡು ಬೇಕಾದ ಕ್ಷಣಕ್ಕೆ ಕೊಡುವ ಭಾಗ) ಬೆಸುಗೆ ಹಾಕಿ, ಬೋರ್ಡಿನಲ್ಲೇ ಅದಕ್ಕೆ ಜಾಗವಿದೆ. ಪ್ಲಸ್ ಮೈನಸ್ ಅದಲುಬದಲಾಗದಂತೆ ನೋಡಿಕೊಳ್ಳಿ.

ಕೋನ ಸರಿಯಾಗಿ ಬರುತ್ತಿಲ್ಲ ಅಂತಲೂ ಕೊನೆಯಲ್ಲಿ ಬರೆದಿದ್ದೀರಿ. ಸರ್ವೋಗೆ ಸೆಕೆಂಡಿಗೆ 50 ಸಲ, ಅಂದರೆ 20 ಮಿಲಿಸೆಕೆಂಡಿಗೊಂದು ಪಲ್ಸ್ (ಚಿಕ್ಕ ವಿದ್ಯುತ್ ಮಿಡಿತ) ಹೋಗುತ್ತದೆ. ಆ ಪಲ್ಸ್ ಎಷ್ಟು ಹೊತ್ತು ಇರುತ್ತದೆ ಅನ್ನುವುದರ ಮೇಲೆ ಕೋನ ನಿಲ್ಲುತ್ತದೆ. ಈ ಚಿಪ್ಪು ಆ 20 ಮಿಲಿಸೆಕೆಂಡನ್ನು 4096 ತುಂಡು ಮಾಡುತ್ತದೆ, ಒಂದು ತುಂಡು ಹತ್ತಿರ ಹತ್ತಿರ 4.9 ಮೈಕ್ರೋಸೆಕೆಂಡ್. ನಡುವಿನ ಸ್ಥಾನಕ್ಕೆ ಬೇಕಾದ 1500 ಮೈಕ್ರೋಸೆಕೆಂಡ್ ಅಂದರೆ 307 ತುಂಡು. ಆದರೆ ಚಿಪ್ಪಿನೊಳಗಿನ 25 ಮೆಗಾಹರ್ಟ್ಸ್ ಗಡಿಯಾರ ಬೋರ್ಡಿನಿಂದ ಬೋರ್ಡಿಗೆ ಸ್ವಲ್ಪ ಹೆಚ್ಚುಕಡಿಮೆ ಓಡುತ್ತದೆ, ಹಾಗಾಗಿ ಪಲ್ಸಿನ ಅಳತೆಯೂ ಜರುಗುತ್ತದೆ. ಈ ಬೋರ್ಡಿಗೆಂದು ಅಡಾಫ್ರೂಟ್ ಕಂಪನಿ ಕೊಡುವ ಸಿದ್ಧ ಕೋಡಿನಲ್ಲಿ (ಲೈಬ್ರರಿ) ಆ ಗಡಿಯಾರದ ವೇಗ ತಿದ್ದುವ ಸಾಲೊಂದಿದೆ, ಅಲ್ಲಿ ಅಂಕಿ ಬದಲಿಸುತ್ತ ಹೊಂದಿಸಿಕೊಳ್ಳಿ. ಸರ್ವೋ ತಿರುಗುವ ಎರಡು ತುದಿಗಳನ್ನು ಹುಡುಕುವಾಗ ನಡುವಿನಿಂದ ಸ್ವಲ್ಪ ಸ್ವಲ್ಪವೇ ಸರಿಯಿರಿ. ಗುಂಯ್ ಅನ್ನುವ ಸದ್ದು ಬಂದ ತಕ್ಷಣ ಹಿಂದೆ ಬನ್ನಿ. ಅದು ಗೇರು ಗೋಡೆಗೆ ತಾಗಿ ತಳ್ಳುತ್ತಿರುವ ಸದ್ದು, ಹಾಗೇ ಬಿಟ್ಟರೆ ಮೋಟಾರು ಸುಡುತ್ತದೆ.

ಇನ್ನೊಂದು. ವಿದ್ಯುತ್ ಕೊಟ್ಟಾಗ ಸರ್ವೋಗೆ ಮೊದಲ ಪಲ್ಸ್ ಸಿಕ್ಕ ಕೂಡಲೇ ಅದು ಎಲ್ಲೇ ಇರಲಿ, ಪೂರ್ತಿ ವೇಗದಲ್ಲಿ ಆ ಜಾಗಕ್ಕೆ ಹಾರುತ್ತದೆ. ಆರಕ್ಕೂ ಒಂದೇ ಸಲ ಕೊಡದೆ, ಬುಡದ ಸರ್ವೋದಿಂದ ಶುರುಮಾಡಿ ನಡುನಡುವೆ 300 ಮಿಲಿಸೆಕೆಂಡ್ ಬಿಟ್ಟು ಎಬ್ಬಿಸಿ. ಮುಖ ಮಾತ್ರ ರೋಬೋ ಕೈಯ ಹತ್ತಿರ ಇಟ್ಟುಕೊಳ್ಳಬೇಡಿ, ಎಂಜಿ996ಆರ್‌ನ ಹೊಡೆತ ಜೋರಾಗಿರುತ್ತದೆ.

ಮುಂದೆ 16 ಚಾನೆಲ್ ಸಾಲದಿದ್ದರೆ ಇನ್ನೊಂದು ಬೋರ್ಡನ್ನು ಆರ್ಡುವಿನೋದ ಸಂದೇಶ ಒಯ್ಯುವ ಅದೇ ಎರಡು ಐ2ಸಿ ತಂತಿಗಳಿಗೆ ಸೇರಿಸಬಹುದು. ಎ0 ಅಂತ ಬರೆದ ಜಾಗಕ್ಕೆ ಬೆಸುಗೆಯ ಚುಕ್ಕೆ ಇಟ್ಟರೆ ಆ ಬೋರ್ಡಿನ ವಿಳಾಸ ಹೆಕ್ಸ್ (16ರ ಲೆಕ್ಕದ ಅಂಕಿ) 40 ಇದ್ದದ್ದು 41 ಆಗುತ್ತದೆ.

ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ. ಮಲ್ಟಿಮೀಟರಿನ ಕೆಂಪು ಕಡ್ಡಿ ವಿ ಪ್ಲಸ್‌ಗೆ, ಕಪ್ಪು ಗ್ರೌಂಡಿಗೆ ಹಿಡಿದು ಮೊದಲು ಎರಡು ಸರ್ವೋ, ಆಮೇಲೆ ನಾಲ್ಕು, ಆಮೇಲೆ ಆರು ಓಡಿಸಿ. ಪ್ರತಿಸಲ ಅಂಕಿ ಎಲ್ಲಿಯವರೆಗೆ ಇಳಿಯಿತು ಅಂತ ಬರೆದುಕೊಂಡು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.