ಟೋಲೋಲಿಂಗ್‌ನಲ್ಲಿ ಎಂಐ-17 ಒಂದೇ ಏಟಿಗೆ ಬಿತ್ತು, ಜಾಫ್ನಾದಿಂದ ಎಂಐ-8ಗಳು ಮೈತುಂಬ ತೂತಾಗಿಯೂ ಮರಳಿದವು. ಯಾಕೆ?

ನಿಮ್ಮ ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳಿವೆ. ಕಾರ್ಗಿಲ್ ಯುದ್ಧದಲ್ಲಿ, 1999ರ ಮೇ 28ರಂದು, ಟೋಲೋಲಿಂಗ್ ಶಿಖರದ ಬಳಿ ಒಂದು ಕ್ಷಿಪಣಿಗೇ ಎಂಐ-17 ಹೆಲಿಕಾಪ್ಟರ್ ಯಾಕೆ ಉರುಳಿತು? 1987ರಲ್ಲಿ ಶ್ರೀಲಂಕಾದ ಜಾಫ್ನಾದಲ್ಲಿ, ಎಲ್‌ಟಿಟಿಇ ವಿರುದ್ಧದ ಕಾರ್ಯಾಚರಣೆಯಲ್ಲಿ, ಹೆಚ್ಚುಕಮ್ಮಿ ಅದೇ ಬಗೆಯ ಹೆಲಿಕಾಪ್ಟರ್‌ಗಳು ಅಷ್ಟೊಂದು ಗುಂಡು ತಿಂದೂ ಹೇಗೆ ವಾಪಸ್ ಬಂದವು? ಮತ್ತೆ, ಫೈಟರ್ ಪೈಲಟ್‌ಗಳ ಹಾಗೆ ಇವರು ಹೊರಗೆ ಹಾರಿಕೊಳ್ಳಲು ಯಾಕೆ ಆಗಲಿಲ್ಲ?

ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಹೆಲಿಕಾಪ್ಟರ್ ವಿಚಾರದಲ್ಲಿ ಎಷ್ಟು ಏಟು ಬಿತ್ತು ಅನ್ನುವುದು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಎಲ್ಲಿ ಬಿತ್ತು, ಬಿದ್ದ ಮೇಲೆ ಪೈಲಟ್ ಕೈಯಲ್ಲಿ ಎಷ್ಟು ಸೆಕೆಂಡು ಉಳಿಯಿತು, ಇವೆರಡೇ ಮುಖ್ಯ. ಟೋಲೋಲಿಂಗ್‌ನಲ್ಲಿ ಎರಡೂ ಕೈಕೊಟ್ಟವು. ಅದರಲ್ಲಿ ಒಂದು ಪಾಲು ಹೆಲಿಕಾಪ್ಟರ್ ನೆಲ ಬಿಡುವ ಮೊದಲೇ ತೀರ್ಮಾನವಾಗಿಹೋಗಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಂದು ಹೋದವರು ಸ್ಕ್ವಾಡ್ರನ್ ಲೀಡರ್ ರಾಜೀವ್ ಪುಂಡೀರ್, ಫ್ಲೈಟ್ ಲೆಫ್ಟಿನೆಂಟ್ ಎಸ್. ಮುಹಿಲನ್, ಸಾರ್ಜೆಂಟ್ ಪಿ.ವಿ.ಎನ್.ಆರ್. ಪ್ರಸಾದ್ ಮತ್ತು ಸಾರ್ಜೆಂಟ್ ಆರ್.ಕೆ. ಸಾಹು. ರಾಕೆಟ್ ಹೊತ್ತ ಎಂಐ-17ಗಳ ಒಂದು ತಂಡ ಟೋಲೋಲಿಂಗ್ ಶಿಖರದಲ್ಲಿ ಕೂತಿದ್ದ ಪಾಕಿಸ್ತಾನಿ ನುಸುಳುಕೋರರ ಮೇಲೆ ದಾಳಿಗೆ ಹೊರಟಿತ್ತು. ಆ ತಂಡದಲ್ಲಿ ಫ್ಲೇರ್, ಅಂದರೆ ಕ್ಷಿಪಣಿಯ ದಿಕ್ಕು ತಪ್ಪಿಸುವ ಉರಿಗುಂಡುಗಳ ಪೆಟ್ಟಿಗೆ, ಇಲ್ಲದೆ ಹೋದದ್ದು ಇವರ ಹೆಲಿಕಾಪ್ಟರ್. ಹಿಂದಿನ ದಿನವಷ್ಟೇ, ಮೇ 27ರಂದು, ವಾಯುಪಡೆ ಅದೇ ವಲಯದಲ್ಲಿ ಒಂದು ಮಿಗ್-27 ಮತ್ತು ಒಂದು ಮಿಗ್-21 ಕಳೆದುಕೊಂಡಿತ್ತು. ಬೆಟ್ಟದ ಮೇಲೆ ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿ ಇದೆ ಅನ್ನುವುದು ಆಗ ಗುಟ್ಟೇನೂ ಆಗಿರಲಿಲ್ಲ.

ಎತ್ತರದ ಲೆಕ್ಕ ನೋಡಿ. ಟೋಲೋಲಿಂಗ್ ತುದಿ ಸುಮಾರು 4,590 ಮೀಟರ್. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮುಕ್ಕಾಲು ಪಾಲೂ ಇಲ್ಲ, ಶೇ. 63ರ ಆಸುಪಾಸು. ಎಂಜಿನ್‌ಗೆ ಸಿಗುವ ಗಾಳಿ ಕಡಿಮೆ, ಅದರಿಂದ ಬರುವ ಶಕ್ತಿಯೂ ಕಡಿಮೆ. ರೋಟರ್‌ಗೆ ಮಾತ್ರ ಅದೇ ಭಾರ ಎತ್ತಲು ಬ್ಲೇಡ್‌ಗಳನ್ನು ಇನ್ನಷ್ಟು ಓರೆ ಮಾಡಬೇಕು. ಹೀಗಾಗಿ ಥಟ್ಟನೆ ತಿರುಗಲು, ಮೇಲೇರಲು, ವೇಗ ಹೆಚ್ಚಿಸಿ ತಪ್ಪಿಸಿಕೊಳ್ಳಲು ಬೇಕಾದ ಮೀಸಲು ಶಕ್ತಿ ಬಹುತೇಕ ಖಾಲಿಯಾಗಿರುತ್ತದೆ. ಬಯಲಿನಲ್ಲಾದರೆ ಹೆಲಿಕಾಪ್ಟರ್ ಮರಗಳ ಮರೆಯಲ್ಲಿ, ದಿಣ್ಣೆಗಳ ಹಿಂದೆ ನುಸುಳಿಕೊಂಡು ಹೋಗಬಹುದು. ಇಲ್ಲಿ ಶತ್ರು ಶಿಖರದ ಮೇಲಿದ್ದ. ಹೆಲಿಕಾಪ್ಟರ್ ಅವನ ಕಣ್ಣಿನ ಮಟ್ಟದಲ್ಲಿ, ಕೆಲವೊಮ್ಮೆ ಅದಕ್ಕಿಂತ ಕೆಳಗೆ, ಬರಿ ಆಕಾಶ ಮತ್ತು ಹಿಮದ ಎದುರು ಎದ್ದು ಕಾಣುತ್ತಿತ್ತು. ಕ್ಷಿಪಣಿಯನ್ನು ಮೇಲಕ್ಕೇರಿಸುವ ಶ್ರಮವೂ ಅವನಿಗೆ ತಪ್ಪಿತು.

ಅಮೆರಿಕದ ಸ್ಟಿಂಗರ್ ಮಾದರಿಯ ಹೆಗಲ ಕ್ಷಿಪಣಿ ಸುಮಾರು 10 ಕಿಲೋ ತೂಗುತ್ತದೆ, ಅದರಲ್ಲಿ ಸಿಡಿತಲೆ 3 ಕಿಲೋ ಆಸುಪಾಸು. ವೇಗ ಶಬ್ದದ ಎರಡು ಪಟ್ಟಿಗೂ ಹೆಚ್ಚು, ವ್ಯಾಪ್ತಿ ನಾಲ್ಕು ಕಿಲೋಮೀಟರ್‌ಗೂ ಮೀರಿದ್ದು. 57 ಮಿ.ಮೀ. ರಾಕೆಟ್ ಗುರಿ ಮುಟ್ಟಬೇಕಾದರೆ ಹೆಲಿಕಾಪ್ಟರ್ ಎರಡು ಕಿಲೋಮೀಟರ್ ಒಳಗೆ ಹೋಗಲೇಬೇಕು. ಅಂದರೆ ರಾಕೆಟ್ ಹಾರಿಸುವ ಜಾಗವೇ ಕ್ಷಿಪಣಿಯ ಬಾಯಿಯಲ್ಲಿತ್ತು. ಅಷ್ಟು ಹತ್ತಿರದಿಂದ ಬಿಟ್ಟ ಕ್ಷಿಪಣಿ ಮೂರು-ನಾಲ್ಕು ಸೆಕೆಂಡಿನಲ್ಲಿ ಬಂದು ಮುಟ್ಟುತ್ತದೆ. ಎಲ್ಲಕ್ಕಿಂತ ಅಪಾಯದ ಗಳಿಗೆ ರಾಕೆಟ್ ಹಾರಿಸಿದ ಮೇಲಿನದು. ಹೆಲಿಕಾಪ್ಟರ್ ವಾಲಿಕೊಂಡು ತಿರುಗುವಾಗ ಹೊಟ್ಟೆ, ಪಕ್ಕ, ಎಂಜಿನ್ನಿನ ಬಿಸಿ ಹೊಗೆ ಹೊರಬರುವ ಎಕ್ಸಾಸ್ಟ್ ಎಲ್ಲವೂ ಶತ್ರುವಿಗೆ ತೆರೆದಿರುತ್ತವೆ, ಪೈಲಟ್‌ನ ಕಣ್ಣು ಮಾತ್ರ ಬೇರೆ ಕಡೆಗಿರುತ್ತದೆ.

ಈಗ ಎಂಐ-17ರ ಮೇಲ್ಛಾವಣಿಯನ್ನು ಹತ್ತಿರದಿಂದ ನೋಡೋಣ, ಯಾಕೆಂದರೆ ನಿಮ್ಮ ಮೊದಲ ಪ್ರಶ್ನೆಯ ಉತ್ತರ ಇರುವುದೇ ಅಲ್ಲಿ. ಕ್ಯಾಬಿನ್ನಿನ ನೆತ್ತಿಯ ಮೇಲೆ ಎರಡು ಟಿವಿ3-117 ಎಂಜಿನ್‌ಗಳು ಅಕ್ಕಪಕ್ಕ ಕೂತಿವೆ. ಒಂದೊಂದರ ಶಕ್ತಿ 1,900 ಅಶ್ವಶಕ್ತಿಯ ಹತ್ತಿರ. ಅವುಗಳ ಬೆನ್ನಿಗೇ ಮುಖ್ಯ ಗೇರ್‌ಬಾಕ್ಸ್. ಅದರ ಮೇಲೆ 21.3 ಮೀಟರ್ ವ್ಯಾಸದ ಐದು ಬ್ಲೇಡಿನ ರೋಟರ್. ಬ್ಲೇಡ್‌ಗಳ ಓರೆಯನ್ನು ಬದಲಿಸುವ ಸ್ವಾಶ್‌ಪ್ಲೇಟ್, ಅದನ್ನು ತಳ್ಳುವ ಹೈಡ್ರಾಲಿಕ್ ಬೂಸ್ಟರ್‌ಗಳು, ಪೈಲಟ್ ಕೈಯಿಂದ ಬರುವ ಕಂಟ್ರೋಲ್ ರಾಡ್‌ಗಳು ಎಲ್ಲವೂ ಆ ಗೇರ್‌ಬಾಕ್ಸ್ ಸುತ್ತಲೇ ಇವೆ. ಅದರ ಹಿಂದೆ ಎಂಜಿನ್‌ಗೆ ಇಂಧನ ಕೊಡುವ ಟ್ಯಾಂಕ್. ಎಕ್ಸಾಸ್ಟ್ ಕೊಳವೆಗಳು ಬಾಯಿ ತೆರೆಯುವುದೂ ಇಲ್ಲಿಯೇ, ಗೇರ್‌ಬಾಕ್ಸ್‌ನ ಎರಡು ಪಕ್ಕಕ್ಕೆ.

ಶಾಖ ಹುಡುಕುವ ಕ್ಷಿಪಣಿ ಆ ಬಿಸಿ ಬಾಯಿಯನ್ನೇ ಹುಡುಕಿಕೊಂಡು ಬರುತ್ತದೆ. 3 ಕಿಲೋ ಸಿಡಿತಲೆ ದೊಡ್ಡದೇನಲ್ಲ, ರೆಕ್ಕೆಯ ತುದಿಯಲ್ಲಿ ಸಿಡಿದರೆ ಎಷ್ಟೋ ವಿಮಾನಗಳು ಮರಳಿ ಬರುತ್ತವೆ. ಎಂಐ-17ರಲ್ಲಿ ಅದು ಸಿಡಿಯುವುದು ಎಂಜಿನ್, ಗೇರ್‌ಬಾಕ್ಸ್, ಹೈಡ್ರಾಲಿಕ್, ಇಂಧನ ನಾಲ್ಕೂ ಒಂದು ತೋಳಿನಳತೆಯಲ್ಲಿರುವ ಜಾಗದಲ್ಲಿ. ಒಂದು ಎಂಜಿನ್ ಮಾತ್ರ ಸತ್ತರೆ ಇನ್ನೊಂದರ ಮೇಲೆ ಕೆಳಗಿಳಿಯಬಹುದು. ಆದರೆ ಒಡೆದ ಟರ್ಬೈನಿನ ತುಣುಕುಗಳು ಪಕ್ಕದ ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಸೀಳಿದರೆ ಮುಗಿಯಿತು. ಮುಖ್ಯ ಹೈಡ್ರಾಲಿಕ್ ಹೋದರೆ ಬದಲಿ ವ್ಯವಸ್ಥೆ ಇದೆ. ಎರಡರ ಕೊಳವೆಗಳೂ ಒಟ್ಟಿಗೆ ಕತ್ತರಿಸಿದರೆ ಇಷ್ಟು ದೊಡ್ಡ ರೋಟರನ್ನು ಕೈಬಲದಿಂದ ಹಿಡಿದಿಡಲು ಯಾರಿಂದಲೂ ಆಗದು.

ಎಂಜಿನ್ ಪೂರ್ತಿ ನಿಂತರೂ ಕಂಟ್ರೋಲ್ ಉಳಿದಿದ್ದರೆ ಆಟೋರೊಟೇಶನ್ ಎಂಬ ದಾರಿ ಉಂಟು. ಪೈಲಟ್ ತಕ್ಷಣ ಕಲೆಕ್ಟಿವ್ (ಎಲ್ಲ ಬ್ಲೇಡ್‌ಗಳ ಓರೆಯನ್ನು ಒಟ್ಟಿಗೆ ಬದಲಿಸುವ ಹಿಡಿಕೆ) ಕೆಳಗಿಳಿಸುತ್ತಾನೆ, ಕೆಳಗಿನಿಂದ ನುಗ್ಗುವ ಗಾಳಿಯೇ ರೋಟರನ್ನು ತಿರುಗಿಸುತ್ತಿರುತ್ತದೆ, ನೆಲ ಹತ್ತಿರವಾದಾಗ ಮೂಗು ಎತ್ತಿ ವೇಗ ಕಳೆದು ಕಲೆಕ್ಟಿವ್ ಮೇಲೆಳೆದು ಕೂರಿಸುತ್ತಾನೆ. ಈ ಇಳಿತವೇ ಸೆಕೆಂಡಿಗೆ 10 ಮೀಟರ್ ದಾಟುತ್ತದೆ, ತೆಳು ಗಾಳಿಯಲ್ಲಿ ಇನ್ನೂ ಜೋರು. ಕಲೆಕ್ಟಿವ್ ಇಳಿಸುವುದು ಒಂದೆರಡು ಸೆಕೆಂಡು ತಡವಾದರೂ ರೋಟರ್ ವೇಗ ಬಿದ್ದುಹೋಗಿ ಮತ್ತೆ ಏಳುವುದಿಲ್ಲ. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಕೊನೆಗೆ ಇಳಿಯಲು ಒಂದು ತುಂಡು ಸಮತಟ್ಟು ನೆಲ ಬೇಕು. ಟೋಲೋಲಿಂಗ್ ಸುತ್ತ ಇರುವುದು ಬಂಡೆಯ ಇಳಿಜಾರು.

ಬಾಲಕ್ಕೆ ಬೀಳುವ ಏಟಿನ ಕಥೆ ಬೇರೆ. ಬಾಲದ ಉದ್ದಕ್ಕೂ ಒಂದು ತಿರುಗುವ ಶಾಫ್ಟ್ ಹೋಗಿ, ನಡುವಿನ ಗೇರ್‌ಬಾಕ್ಸ್ ದಾಟಿ, ಬಾಲದ ರೋಟರ್ ಮುಟ್ಟುತ್ತದೆ. ಅದು ತುಂಡಾದರೆ ಹೆಲಿಕಾಪ್ಟರಿನ ದೇಹವೇ ರೋಟರಿನ ವಿರುದ್ಧ ದಿಕ್ಕಿಗೆ ಗಿರಗಿರ ಸುತ್ತತೊಡಗುತ್ತದೆ. ಮದ್ದು ಒಂದೇ: ಎಂಜಿನ್‌ನ ಬಲ ತೆಗೆಯುವುದು. ಬಲ ತೆಗೆದರೆ ಸುತ್ತು ನಿಧಾನವಾಗುತ್ತದೆ, ಹಾಗೆಯೇ ಕೆಳಗೂ ಇಳಿಯುತ್ತದೆ. 1993ರ ಅಕ್ಟೋಬರ್ 3ರಂದು ಸೊಮಾಲಿಯಾದ ಮೊಗದಿಶುವಿನಲ್ಲಿ ಎರಡು ಅಮೆರಿಕನ್ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗಳು ಹೆಗಲ ಮೇಲಿಟ್ಟು ಹಾರಿಸುವ ಆರ್‌ಪಿಜಿ ರಾಕೆಟ್ ಏಟಿಗೆ ಉರುಳಿದ್ದು ಹೀಗೆಯೇ. ಎರಡನೆಯದು ಏಟು ತಿಂದ ಮೇಲೂ ಸ್ವಲ್ಪ ದೂರ ಹಾರಿತು, ಆಮೇಲೆ ಬಾಲದ ರೋಟರ್ ಕಳಚಿತು. ಅದು ಮಗುಚದೆ ಚಪ್ಪಟೆಯಾಗಿ ನೆಲಕ್ಕಪ್ಪಳಿಸಿದ್ದರಿಂದ ಒಳಗಿದ್ದವರು ಮೊದಲ ಹೊಡೆತ ತಾಳಿಕೊಂಡರು. ಪೈಲಟ್ ಮೈಕೆಲ್ ಡುರಾಂಟ್ ತೊಡೆಮೂಳೆ, ಬೆನ್ನುಮೂಳೆ ಮುರಿದುಕೊಂಡು ಸೆರೆಸಿಕ್ಕು ಬದುಕಿ ಬಂದರು. ಬ್ಲ್ಯಾಕ್ ಹಾಕ್‌ನ ಚಕ್ರದ ಕಾಲುಗಳೂ ಪೈಲಟ್ ಆಸನಗಳೂ ಹೊಡೆತ ಬಿದ್ದಾಗ ಕುಸಿಯುತ್ತ ಅದರ ಬಲ ಹೀರಿಕೊಳ್ಳುವಂತೆ ಮಾಡಿದವು. ಆ ಕೆಲವೇ ಅಂಗುಲಗಳ ಕುಸಿತ ಬೆನ್ನುಮೂಳೆಗೆ ಬೀಳುವ ಭಾರವನ್ನು ಪ್ರಾಣ ಉಳಿಯುವ ಮಟ್ಟಕ್ಕೆ ತರುತ್ತದೆ.

ಬೆಂಕಿಯ ಬಗ್ಗೆಯೂ ಹೇಳಬೇಕು. ವಿಯೆಟ್ನಾಂನಲ್ಲಿ ನೆಲಕ್ಕೆ ಬಿದ್ದಾಗ ಸಾಯದವರು ಆಮೇಲೆ ಹತ್ತಿದ ಬೆಂಕಿಗೆ ಸಾಯುತ್ತಿದ್ದರು. 1970ರಿಂದ ಅಮೆರಿಕದ ಸೇನೆ ಹ್ಯೂಯಿ ಹೆಲಿಕಾಪ್ಟರ್‌ಗಳಿಗೆ ಹರಿಯದ ಇಂಧನ ಚೀಲ ಮತ್ತು ಕಿತ್ತು ಬಂದರೆ ತಾನೇ ಮುಚ್ಚಿಕೊಳ್ಳುವ ವಾಲ್ವ್‌ಗಳನ್ನು ಹಾಕತೊಡಗಿದ ಮೇಲೆ ಅಂಥ ಸಾವು ಬಹುಮಟ್ಟಿಗೆ ನಿಂತವು. ಇಷ್ಟು ಸರಳ ಬದಲಾವಣೆ ಇಷ್ಟೊಂದು ಜೀವ ಉಳಿಸಿದ ಉದಾಹರಣೆ ಹೆಲಿಕಾಪ್ಟರ್ ಚರಿತ್ರೆಯಲ್ಲಿ ಇನ್ನೊಂದಿಲ್ಲ ಅನಿಸುತ್ತದೆ.

ಇನ್ನು ಜಾಫ್ನಾ. 1987ರ ಅಕ್ಟೋಬರ್ 11-12ರ ರಾತ್ರಿ ವಿಶ್ವವಿದ್ಯಾಲಯದ ಮೈದಾನದಲ್ಲಿ ಎಂಐ-8ಗಳು ಕಮಾಂಡೋಗಳನ್ನೂ 13ನೇ ಸಿಖ್ ಲೈಟ್ ಇನ್‌ಫೆಂಟ್ರಿ ಬೆಟಾಲಿಯನ್ನಿನವರನ್ನೂ ಇಳಿಸಲು ಹೋದಾಗ ಸುತ್ತಲಿಂದ ರೈಫಲ್, ಮೆಷಿನ್‌ಗನ್ ಗುಂಡಿನ ಮಳೆ. ಆದರೂ ಅವು ಎದ್ದು ಬಂದವು, ಯಾಕೆಂದರೆ ಹೆಲಿಕಾಪ್ಟರಿನ ಬಹುಭಾಗ ಟೊಳ್ಳು. ತೆಳು ಅಲ್ಯೂಮಿನಿಯಂ ತಗಡಿನ ಒಂದು ಕಡೆ ಹೊಕ್ಕ ಗುಂಡು ಇನ್ನೊಂದು ಕಡೆ ಹೊರಬೀಳುತ್ತದೆ, ನಡುವೆ ಮನುಷ್ಯನೋ ಕೊಳವೆಯೋ ಇಲ್ಲದಿದ್ದರೆ ಹಾರಾಟಕ್ಕೆ ಏನೂ ಆಗದು. ಬ್ಲೇಡಿನ ಹಿಂಬದಿಯ ಖಾನೆಗಳಲ್ಲಿ ತೂತಾದರೆ ನಡುಕ ಹೆಚ್ಚುತ್ತದೆ, ಅಷ್ಟೆ. ಬ್ಲೇಡಿನ ಬೆನ್ನೆಲುಬಾದ ಸ್ಪಾರ್‌ಗೆ ತಗುಲಿದರೆ ಮಾತ್ರ ಗಂಭೀರ. ಈ ಹೆಲಿಕಾಪ್ಟರ್‌ಗಳಲ್ಲಿ ಸ್ಪಾರ್ ಒಳಗೆ ಒತ್ತಡದಲ್ಲಿ ಗಾಳಿ ತುಂಬಿರುತ್ತಾರೆ. ಬಿರುಕೋ ತೂತೋ ಆಗಿ ಗಾಳಿ ಸೋರಿದರೆ ಬ್ಲೇಡಿನ ಬುಡದಲ್ಲಿರುವ ಸೂಚಕದಲ್ಲಿ ಕೆಂಪು ಬಣ್ಣ ಹೊರಗೆ ಕಾಣುತ್ತದೆ. ಕೆಂಪು ಕಂಡ ಬ್ಲೇಡನ್ನು ಬಿಚ್ಚಲೇಬೇಕು.

ಹಾಗೆ ಮರಳಿದ ಹೆಲಿಕಾಪ್ಟರ್ ಮೇಲೆ ತಂತ್ರಜ್ಞರು ಮಾಡುವ ಕೆಲಸ ತಾಳ್ಮೆಯದು. ಪ್ರತಿ ತೂತಿಗೂ ಗುರುತು ಹಾಕಿ, ಹೊಕ್ಕ ಜಾಗದಿಂದ ಹೊರಟ ಜಾಗದವರೆಗೆ ಗುಂಡಿನ ಹಾದಿ ಹಿಡಿದು, ಆ ಗೆರೆಯಲ್ಲಿ ಬರುವ ಪ್ರತಿ ವೈರ್, ರಾಡ್, ಪೈಪ್ ಮುಟ್ಟಿ ನೋಡಬೇಕು. ಹೊರಬಿದ್ದ ತೂತು ಸಿಗದಿದ್ದರೆ ಗುಂಡು ಒಳಗೇ ಎಲ್ಲೋ ಇದೆ ಎಂದರ್ಥ, ಅದು ಸಿಗುವವರೆಗೆ ಹಾರಿಸುವ ಹಾಗಿಲ್ಲ. ಗೇರ್‌ಬಾಕ್ಸ್‌ನ ಅಯಸ್ಕಾಂತದ ಪ್ಲಗ್ ಬಿಚ್ಚಿ ಲೋಹದ ಚೂರು ಅಂಟಿದೆಯೇ ನೋಡುತ್ತಾರೆ. ಬರಿ ತಗಡಿನ ತೂತಾದರೆ ಅಂಚು ನಯಗೊಳಿಸಿ, ಬಿರುಕಿನ ತುದಿಗೆ ಸಣ್ಣ ರಂಧ್ರ ಕೊರೆದು, ಮೇಲೆ ತೇಪೆ ಇಟ್ಟು ರಿವೆಟ್ ಹೊಡೆದರೆ ಆಯಿತು.

ಆದರೆ "ಮರಳಿ ಬಂದವು, ಹಾಗಾಗಿ ನಷ್ಟವಿಲ್ಲ" ಅಂದುಕೊಳ್ಳಬೇಡಿ. ಜಾಫ್ನಾದಲ್ಲಿ ಹೆಲಿಕಾಪ್ಟರ್‌ಗಳು ಜಖಂಗೊಂಡಿದ್ದರಿಂದ ಮುಂದಿನ ಸರದಿ ಹೋಗಲೇ ಇಲ್ಲ. ಮೊದಲೇ ಇಳಿದಿದ್ದ 30 ಸಿಖ್ ಸೈನಿಕರು ಅಲ್ಲಿ ಒಂಟಿಯಾದರು, ಅವರಲ್ಲಿ 29 ಮಂದಿ ಸತ್ತರು. 2003ರ ಮಾರ್ಚ್ 24ರ ನಸುಕಿನಲ್ಲಿ ಇರಾಕಿನ ಕರ್ಬಲಾ ಕಡೆ ಹೋದ ಸುಮಾರು 30 ಅಮೆರಿಕನ್ ಅಪಾಚೆ ದಾಳಿ ಹೆಲಿಕಾಪ್ಟರ್‌ಗಳಲ್ಲಿ ಕೆಳಗಿಳಿದದ್ದು ಒಂದೇ, ಅದರ ಇಬ್ಬರು ಪೈಲಟ್‌ಗಳು ಸೆರೆಯಾದರು. ಉಳಿದವು ಮರಳಿದವು, ಹೆಚ್ಚುಕಮ್ಮಿ ಎಲ್ಲಕ್ಕೂ ಗುಂಡು ತಗುಲಿತ್ತು, ದಾಳಿ ಕೈಗೂಡಲಿಲ್ಲ.

ಹೊರಗೆ ಹಾರಿಕೊಳ್ಳುವ ಮಾತಿಗೆ ಬಂದರೆ, ಮೇ 27ರ ಎರಡೂ ಮಿಗ್‌ಗಳ ಪೈಲಟ್‌ಗಳಿಗೆ ಅವರನ್ನು ಮೇಲಕ್ಕೆ ಚಿಮ್ಮಿಸುವ ಎಜೆಕ್ಷನ್ ಸೀಟ್ ಇತ್ತು. ಎಂಐ-17ರಲ್ಲಿ ನೆತ್ತಿಯ ಮೇಲೆ ರೋಟರ್ ತಿರುಗುತ್ತಿರುತ್ತದೆ, ಮೇಲಕ್ಕೆ ಹಾರುವ ಪ್ರಶ್ನೆಯೇ ಇಲ್ಲ. ರಷ್ಯಾದ ಕೆಎ-52ರಲ್ಲಿ ಮೊದಲು ಬ್ಲೇಡ್‌ಗಳನ್ನು ಸ್ಫೋಟಿಸಿ ಕಳಚಿ ಆಮೇಲೆ ರಾಕೆಟ್ ಸಿಬ್ಬಂದಿಯನ್ನು ಎಳೆದು ಹಾಕುವ ವ್ಯವಸ್ಥೆ ಇದೆ. ಆದರೆ ಅದು ಇಬ್ಬರೇ ಕೂರುವ ದಾಳಿ ಹೆಲಿಕಾಪ್ಟರ್. ಸಾಗಣೆಯ ಹೆಲಿಕಾಪ್ಟರಿನ ಕ್ಯಾಬಿನ್ನಿನಲ್ಲಿ ಓಡಾಡುವ ಗನ್ನರ್‌ಗೋ ಎಂಜಿನಿಯರ್‌ಗೋ ಅದು ಒಗ್ಗುವುದಿಲ್ಲ. ಅಫ್ಘಾನಿಸ್ತಾನದಲ್ಲಿ ಸೋವಿಯತ್ ಸಿಬ್ಬಂದಿ ಪ್ಯಾರಾಚೂಟ್ ಕಟ್ಟಿಕೊಂಡು ಹಾರುತ್ತಿದ್ದರು, ಎತ್ತರದಲ್ಲಿದ್ದಾಗ ಕೆಲವರು ಜಿಗಿದು ಬದುಕಿದ್ದೂ ಉಂಟು. ನೆಲಕ್ಕೆ ಹತ್ತಿರದಲ್ಲಿ, ಸುತ್ತುತ್ತ ಬೀಳುವ ಯಂತ್ರದಲ್ಲಿ ಬಾಗಿಲ ತನಕ ಹೋಗುವುದೂ ಕಷ್ಟ.

ಹಾಗಾದರೆ ತಡೆಯಲು ಏನಿತ್ತು? 1986ರ ಸೆಪ್ಟೆಂಬರ್ 25ರಂದು ಅಫ್ಘಾನಿಸ್ತಾನದ ಜಲಾಲಾಬಾದ್ ಬಳಿ ಸ್ಟಿಂಗರ್ ಮೊದಲ ಸಲ ಸೋವಿಯತ್ ಹೆಲಿಕಾಪ್ಟರ್‌ಗಳನ್ನು ಬೀಳಿಸಿತ್ತು. ಆ ಯುದ್ಧದಲ್ಲೇ ಮೂರು ಪದರದ ರಕ್ಷಣೆ ರೂಢಿಗೆ ಬಂದಿತ್ತು: ಎಕ್ಸಾಸ್ಟ್‌ಗೆ ತಣ್ಣನೆ ಗಾಳಿ ಬೆರೆಸುವ ಪೆಟ್ಟಿಗೆ, ಕ್ಷಿಪಣಿಯ ಕಣ್ಣನ್ನು ಗೊಂದಲಗೊಳಿಸುವ ಮಿಡಿಯುವ ಶಾಖದೀಪ, ಮತ್ತು ಫ್ಲೇರ್. ಫ್ಲೇರ್ ಕೆಲವೇ ಸೆಕೆಂಡು ಉರಿಯುವ ಮೆಗ್ನೀಸಿಯಂ ಗುಂಡು. ಕ್ಷಿಪಣಿ ಕಂಡ ಮೇಲೆ ಬಿಡುತ್ತೇನೆ ಅಂದರೆ ಸಮಯ ಸಿಗುವುದಿಲ್ಲ, ದಾಳಿ ಮುಗಿಸಿ ತಿರುಗುವಾಗಲೇ ಸಾಲಾಗಿ ಬಿಡುತ್ತ ಹೋಗಬೇಕು. ಸ್ಟಿಂಗರ್‌ನ ಮುಂದಿನ ಮಾದರಿಗಳು ಶಾಖದ ಜೊತೆ ನೇರಳಾತೀತ ಬೆಳಕನ್ನೂ ನೋಡಿ ಫ್ಲೇರನ್ನು ಗುರುತಿಸಬಲ್ಲವು, ಹಾಗಾಗಿ ಫ್ಲೇರ್ ಇದ್ದಿದ್ದರೆ ನಾಲ್ವರೂ ಖಂಡಿತ ಉಳಿಯುತ್ತಿದ್ದರು ಅಂತ ನಾನು ಹೇಳಲಾರೆ. ಆದರೆ ಕ್ಷಿಪಣಿ ಇದೆಯೆಂದು ಗೊತ್ತಿದ್ದ ಜಾಗಕ್ಕೆ ಫ್ಲೇರ್ ಇಲ್ಲದ ಹೆಲಿಕಾಪ್ಟರನ್ನು ಕಳಿಸಬಾರದಿತ್ತು. ಅವರು ಗೊತ್ತಿದ್ದೂ ಹೋದರು. ಅದು ಅವರ ಧೈರ್ಯ, ಯೋಜನೆಯ ಸಮರ್ಥನೆಯಲ್ಲ.

ಆ ದಿನದ ನಂತರ ಎಂಐ-17ಗಳನ್ನು ದಾಳಿಯ ಕೆಲಸದಿಂದ ಹಿಂತೆಗೆದರು. ಅಷ್ಟು ಎತ್ತರದಲ್ಲಿ ಹೋರಾಡಲೆಂದೇ ಒಂದು ಹೆಲಿಕಾಪ್ಟರ್ ಬೇಕೆಂಬ ಬೇಡಿಕೆ ಹುಟ್ಟಿದ್ದು ಕಾರ್ಗಿಲ್‌ನಿಂದ. ಎಚ್‌ಎಎಲ್ ರೂಪಿಸಿದ ಪ್ರಚಂಡ್ 2022ರ ಅಕ್ಟೋಬರ್ 3ರಂದು ಜೋಧಪುರದಲ್ಲಿ ವಾಯುಪಡೆ ಸೇರಿತು. ಅದರಲ್ಲಿ ಎಕ್ಸಾಸ್ಟ್ ತಣಿಸುವ ವ್ಯವಸ್ಥೆ, ಕ್ಷಿಪಣಿ ಬರುವುದನ್ನು ತಾನೇ ಗುರುತಿಸಿ ಫ್ಲೇರ್ ಬಿಡುವ ಉಪಕರಣ, ಅಪ್ಪಳಿಸಿದಾಗ ಹೊಡೆತ ಹೀರುವ ಚಕ್ರದ ಕಾಲುಗಳು ಮೂರೂ ಇವೆ.

ಇಷ್ಟೆಲ್ಲ ಇದ್ದರೂ ಸಾಲದ ಒಂದು ಸಂದರ್ಭವಿದೆ, ನೀವು ಕೇಳದಿದ್ದರೂ ಹೇಳುತ್ತೇನೆ. 2019ರ ಫೆಬ್ರುವರಿ 27ರಂದು ಕಾಶ್ಮೀರದ ಬಡ್ಗಾಮ್‌ನಲ್ಲಿ ನಮ್ಮದೇ ಎಂಐ-17ವಿ5 ಅನ್ನು ನಮ್ಮದೇ ಕ್ಷಿಪಣಿ ಹೊಡೆಯಿತು. ವಾಯುಪಡೆಯ ಆರು ಮಂದಿ, ನೆಲದ ಮೇಲಿದ್ದ ಒಬ್ಬ ನಾಗರಿಕ ಸತ್ತರು. ಅದು ತಮ್ಮ ಕಡೆಯ ತಪ್ಪು ಎಂದು ವಾಯುಪಡೆ ಮುಖ್ಯಸ್ಥರೇ ಆಮೇಲೆ ಒಪ್ಪಿಕೊಂಡರು. ಅಂಥದ್ದನ್ನು ತಪ್ಪಿಸುವುದು ಫ್ಲೇರ್ ಅಲ್ಲ. ರಾಡಾರ್ ಕೇಳಿದಾಗ "ನಾನು ನಿಮ್ಮವನು" ಎಂದು ಉತ್ತರಿಸುವ ಐಎಫ್‌ಎಫ್ ಪೆಟ್ಟಿಗೆ ಚಾಲೂ ಇರಬೇಕು, ಯಾವ ಹೆಲಿಕಾಪ್ಟರ್ ಯಾವ ಹಾದಿಯಲ್ಲಿ ಬರುತ್ತಿದೆ ಎಂಬುದು ಏರ್ ಟ್ರಾಫಿಕ್‌ನವರಿಂದ ಕ್ಷಿಪಣಿಯವರ ಮೇಜಿಗೆ ಆಯಾ ನಿಮಿಷಕ್ಕೆ ತಲುಪುತ್ತಿರಬೇಕು.