ಸಕಲೇಶಪುರ ಕಡೆಯ ಹೋಮ್‌ಸ್ಟೇಗಳಿಗೆ ಟೂರ್ ಆಪರೇಟರ್‌ಗಳ ಮೂಲಕ ವಿದೇಶಿ ಅತಿಥಿಗಳು ಬರುವಂತೆ ಮಾಡುವುದು ಹೇಗೆ?

ನೀವು ಬರೆದದ್ದರಿಂದ ನನಗೆ ತಿಳಿದಿದ್ದು ಇಷ್ಟು: ಸಕಲೇಶಪುರ–ಬೇಲೂರು ನಡುವೆ ಕಾಫಿ ತೋಟದೊಳಗೆ ನಿಮ್ಮದು ಐದು ರೂಮಿನ ಹೋಮ್‌ಸ್ಟೇ. ಅಕ್ಕಪಕ್ಕದ ಮೂರು ಮನೆಯವರೂ ಇದೇ ಕಸುಬಿನಲ್ಲಿದ್ದಾರೆ, ಜೊತೆಗೆ ಇಬ್ಬರು ಜೀಪಿನವರು. ಶನಿವಾರ, ಭಾನುವಾರ ಬೆಂಗಳೂರಿನವರು ತುಂಬಿಕೊಳ್ಳುತ್ತಾರೆ, ಸೋಮವಾರದಿಂದ ಗುರುವಾರದವರೆಗೆ ಖಾಲಿ. ಎಷ್ಟು ಕಮಿಷನ್ ಕೊಟ್ಟರೆ ಟೂರ್ ಆಪರೇಟರ್‌ಗಳು ವಿದೇಶಿಯರನ್ನು ಕಳಿಸುತ್ತಾರೆ ಅಂತ ಕೇಳಿದ್ದೀರಿ. ವಿದೇಶಿ ಪ್ರವಾಸಿಗರಿಗೆ ದಕ್ಷಿಣ ಭಾರತ ತೋರಿಸುವ ಒಂದು ಕಂಪನಿಯಲ್ಲಿ ಹೋಟೆಲು, ಹೋಮ್‌ಸ್ಟೇಗಳ ಜೊತೆ ರೇಟು ಕುದುರಿಸುವುದೇ ಹಲವು ವರ್ಷ ನನ್ನ ಕೆಲಸವಾಗಿತ್ತು. ಹಾಗಾಗಿ ರೂಮು ಕೊಳ್ಳುವವರ ತಲೆಯಲ್ಲಿ ಏನು ಓಡುತ್ತಿರುತ್ತದೆ ಅನ್ನುವುದನ್ನು ಹೇಳಬಲ್ಲೆ.

ಕಮಿಷನ್ ಮಾತು ಆಮೇಲೆ. ಜರ್ಮನಿಯಲ್ಲೋ ಇಂಗ್ಲೆಂಡಿನಲ್ಲೋ ಪ್ಯಾಕೇಜ್ ಮಾರುವ ಕಂಪನಿ ನಿಮಗೆ ನೇರವಾಗಿ ಫೋನ್ ಮಾಡುವುದಿಲ್ಲ. ಅವರಿಗೆ ದೆಹಲಿ, ಕೊಚ್ಚಿ, ಚೆನ್ನೈ ಅಥವಾ ಬೆಂಗಳೂರಿನಲ್ಲಿ ಒಬ್ಬ ಏಜೆಂಟ್ ಇರುತ್ತಾನೆ. ಈ ಕಸುಬಿನವರು ಅವನನ್ನು ಡಿಎಂಸಿ ಅನ್ನುತ್ತಾರೆ. ಕಾರು, ಗೈಡ್, ರೂಮು ಎಲ್ಲ ಜೋಡಿಸುವವನು ಅವನೇ. ಅವನು ಮಾರುವುದು ನಿಮ್ಮ ಮನೆಯನ್ನಲ್ಲ, ಹದಿನಾಲ್ಕು ದಿನದ ಒಂದು ದಾರಿಯನ್ನು. ಚೆಂದದ ಹೋಮ್‌ಸ್ಟೇಗಳ ಫೋಟೋ ಅವನ ಇನ್‌ಬಾಕ್ಸಿನಲ್ಲಿ ರಾಶಿ ಬಿದ್ದಿರುತ್ತದೆ. ಅವನಿಗೆ ಬೇಕಾಗಿರುವುದು ದಾರಿಯಲ್ಲಿ ಸರಿಯಾದ ಜಾಗದಲ್ಲಿ ಒಂದು ರಾತ್ರಿ.

ಇಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ಮೈಸೂರಿನಿಂದ ಹಂಪಿಗೆ 400 ಕಿ.ಮೀ.ಗೂ ಹೆಚ್ಚು, ಅರವತ್ತೈದು ವಯಸ್ಸಿನವರನ್ನು ಒಂದೇ ದಿನ ಕಾರಿನಲ್ಲಿ ಕೂರಿಸಿ ಅಷ್ಟು ದೂರ ಒಯ್ಯಲು ಆಗುವುದಿಲ್ಲ. ಹಾಗಾಗಿ ಎಲ್ಲರೂ ಶ್ರವಣಬೆಳಗೊಳ, ಹಳೇಬೀಡು, ಬೇಲೂರು ಮುಗಿಸಿ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಮಲಗಿಸುತ್ತಾರೆ. ಹಾಸನದ ಆ ರಾತ್ರಿಯನ್ನು ಯಾವ ಡಿಎಂಸಿಯೂ ಇಷ್ಟಪಟ್ಟು ಹಾಕುವುದಲ್ಲ, ಬೇರೆ ದಾರಿಯಿಲ್ಲದೆ ಹಾಕುವುದು. (ಹಾಸನದವರು ಬೇಜಾರು ಮಾಡಿಕೊಳ್ಳಬಾರದು.) 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿದವು. ಹಂಪಿ 1986ರಿಂದ, ಪಟ್ಟದಕಲ್ಲು 1987ರಿಂದ ಆ ಪಟ್ಟಿಯಲ್ಲಿವೆ. ಮೈಸೂರಿನಿಂದ ಬಾದಾಮಿಯವರೆಗಿನ ದಾರಿಗೆ ಹೊರಗಿನವರ ಎದುರು ಈಗ ಇನ್ನಷ್ಟು ತೂಕ ಬಂದಿದೆ. ನೀವು ಕೇಳಬೇಕಾದದ್ದು ಒಂದು ರಾತ್ರಿ ಅಲ್ಲ, ಎರಡು: ಒಂದು ದಿನ ದೇವಸ್ಥಾನಗಳಿಗೆ, ಇನ್ನೊಂದು ದಿನ ತೋಟಕ್ಕೆ. "ಹಾಸನದ ಬದಲು ನಮ್ಮಲ್ಲಿ" ಅನ್ನುವ ಒಂದು ವಾಕ್ಯ, ಬೇಲೂರಿನಿಂದ ನಿಮ್ಮ ಗೇಟಿನವರೆಗೆ ಹಗಲಲ್ಲಿ ನಿಜವಾಗಿ ಎಷ್ಟು ನಿಮಿಷ ಅನ್ನುವ ಲೆಕ್ಕ — ಹತ್ತು ಫೋಟೋಗಿಂತ ಇವೇ ಹೆಚ್ಚು ಕೆಲಸ ಮಾಡುತ್ತವೆ.

ತೋಟದ ದಿನಕ್ಕೆ ಹೊಸದೇನೂ ಕಟ್ಟಬೇಡಿ. ರೇನ್ ಡಾನ್ಸು, ಜಿಪ್‌ಲೈನು ನಿಮ್ಮ ಶನಿವಾರದ ಗಿರಾಕಿಗಳಿಗೇ ಇರಲಿ. ಯುರೋಪಿನವರು ಬರುವುದು ಅಕ್ಟೋಬರಿನಿಂದ ಮಾರ್ಚ್‌ವರೆಗೆ. ಅರೇಬಿಕಾ ಕುಯ್ಲು, ಅದರ ಹಿಂದೆಯೇ ರೊಬಸ್ಟಾ, ಎರಡೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಹಣ್ಣು ಬಿಡಿಸುವುದು, ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್, ಕಣದಲ್ಲಿ ಒಣಹಾಕಿದ ಬೀಜ, ಸಂಜೆ ತೂಕ ಹಾಕಿ ತೋಟದ ಗುಮಾಸ್ತ (ರೈಟರ್) ಪುಸ್ತಕದಲ್ಲಿ ಬರೆದುಕೊಳ್ಳುವುದು — ನಿಮಗೆ ಸಪ್ಪೆ ಅನ್ನಿಸುವ ಇವನ್ನೇ ಅವರು ಗಂಟೆಗಟ್ಟಲೆ ನಿಂತು ನೋಡುತ್ತಾರೆ. ಆದರೆ ಕೆಲಸದವರ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮೊದಲು ಕೇಳಬೇಕು, ಕೆಲಸದವರು ವಾಸಿಸುವ ಲೈನ್ ಮನೆಗಳ ಕಡೆ ಕರೆದೊಯ್ಯಬಾರದು. ಇದನ್ನು ಅತಿಥಿಗಳಿಗೆ ಮೊದಲೇ ಹೇಳಿಬಿಡಿ. ಊಟಕ್ಕೂ ಅಷ್ಟೇ: ಪಾಸ್ತಾ ಮಾಡಲು ಹೋಗಬೇಡಿ. ಅಕ್ಕಿರೊಟ್ಟಿ, ಕಡುಬು, ಖಾರ ಕಡಿಮೆ ಮಾಡಿದ ಸಾರು ಸಾಕು.

ಈಗ ಯಾರೂ ಹೇಳಿಕೊಡದ ಎರಡು ಸಂಗತಿ. ಒಂದು, ಮಂಚ. ನಮ್ಮ ಹೋಮ್‌ಸ್ಟೇಗಳಲ್ಲಿ ದೊಡ್ಡ ಮಂಚ ಹಾಕಿ ಪಕ್ಕದಲ್ಲಿ ಇನ್ನೆರಡು ಹಾಸಿಗೆ ಬಿಡಿಸುವುದು ರೂಢಿ. ವಿದೇಶಿ ಗುಂಪುಗಳಲ್ಲಿ ಇಬ್ಬರು ಸ್ನೇಹಿತೆಯರು, ಅಕ್ಕತಂಗಿಯರು, ಪರಿಚಯವೇ ಇಲ್ಲದೆ ರೂಮು ಹಂಚಿಕೊಂಡವರು ಇರುತ್ತಾರೆ. ಅವರಿಗೆ ಎರಡು ಬೇರೆ ಮಂಚ ಬೇಕೇ ಬೇಕು. ಐದರಲ್ಲಿ ಮೂರು ರೂಮುಗಳಿಗಾದರೂ ಬೇಕಾದಾಗ ಕೂಡಿಸಿ ಬೇಡವಾದಾಗ ಬಿಡಿಸುವಂಥ ಜೋಡಿ ಮಂಚ ಮಾಡಿಸಿ. ಊರಿನ ಬಡಗಿಯೇ ಮಾಡಿಕೊಡುತ್ತಾನೆ.

ಎರಡು, ಡ್ರೈವರ್. ಅತಿಥಿಗಳ ಜೊತೆ ಎರಡು ವಾರ ಇರುವವನು ಅವನು. ಅವನಿಗೆ ಮಲಗಲು ಸೊಳ್ಳೆಪರದೆ ಇರುವ ರೂಮು, ಬಿಸಿನೀರು, ಹೊತ್ತಿಗೆ ಸರಿಯಾಗಿ ಊಟ ಸಿಗದಿದ್ದರೆ ಆಫೀಸಿಗೆ ಅವನು ಮಾಡುವ ಫೋನು ನಿಮ್ಮ ಎಲ್ಲ ಒಳ್ಳೆಯ ರಿವ್ಯೂಗಳನ್ನೂ ನುಂಗಿಹಾಕುತ್ತದೆ. "ಆ ತೋಟದ ರಸ್ತೆಗೆ ಗಾಡಿ ಹೋಗಲ್ಲ ಸಾರ್" ಅಂದುಬಿಟ್ಟರೆ ಮುಗಿಯಿತು. ಅತಿಥಿಗಳು ಹೊಗಳಿ ಪತ್ರ ಬರೆದ ಮನೆಗಳನ್ನೂ ಡ್ರೈವರ್‌ಗಳ ದೂರಿನ ಮೇಲೆ ನಾವು ಪಟ್ಟಿಯಿಂದ ತೆಗೆದದ್ದುಂಟು. ರಸ್ತೆ ನಿಜಕ್ಕೂ ಕೆಟ್ಟಿದ್ದರೆ ಟಾರ್ ರಸ್ತೆಯಿಂದ ಮನೆವರೆಗೆ ಲಗೇಜಿಗೂ ಜನಕ್ಕೂ ನಿಮ್ಮ ಜೀಪು ಬರುತ್ತದೆ ಅಂತ ಮೊದಲೇ ಬರೆದುಕೊಡಿ.

ಸುರಕ್ಷತೆಯ ಬಗ್ಗೆ ಡಿಎಂಸಿ ಉದ್ದನೆಯ ಪ್ರಶ್ನಾವಳಿ ಕಳಿಸಿದಾಗ ಸಿಟ್ಟು ಮಾಡಿಕೊಳ್ಳಬೇಡಿ. 2018ರ ಜುಲೈಯಿಂದ ಜಾರಿಯಲ್ಲಿರುವ ಯುರೋಪಿನ ಪ್ಯಾಕೇಜ್ ಪ್ರವಾಸದ ನಿಯಮಗಳ ಪ್ರಕಾರ, ಪ್ಯಾಕೇಜಿನಲ್ಲಿ ಸೇರಿರುವ ಯಾವ ಸೇವೆ ಕೆಟ್ಟರೂ ಅದಕ್ಕೆ ಉತ್ತರ ಹೇಳಬೇಕಾದವನು ಮಾರಿದ ಕಂಪನಿಯವನು, ಸೇವೆ ಕೊಟ್ಟವರು ಬೇರೆಯವರಾದರೂ ಸರಿ. ನಿಮ್ಮ ಬಚ್ಚಲಿನಲ್ಲಿ ಯಾರೋ ಜಾರಿಬಿದ್ದರೆ ಪರಿಹಾರ ಕೇಳಿ ಅವನ ಬಾಗಿಲಿಗೆ ಹೋಗುತ್ತಾರೆ. ಅದಕ್ಕೇ ಅವನು ಹೊಗೆ ಅಲಾರಂ, ಬೆಂಕಿ ಆರಿಸುವ ಸಿಲಿಂಡರ್, ಮೆಟ್ಟಿಲಿಗೆ ಹಿಡಿದುಕೊಳ್ಳುವ ಕಂಬಿ, ಹತ್ತಿರದ ಆಸ್ಪತ್ರೆ, ಇನ್ಶೂರೆನ್ಸ್ ಎಲ್ಲ ಕೇಳುವುದು. ಜೀಪು ಹಳದಿ ಬೋರ್ಡಿನದೇ ಆಗಿರಬೇಕು, ಇನ್ಶೂರೆನ್ಸ್ ಪತ್ರದ ಪ್ರತಿ ಕೊಡಬೇಕು, ಹಿಂದೆ ನಿಂತುಕೊಂಡು ಗುಡ್ಡ ಹತ್ತುವ ನಮ್ಮ ಸಕಲೇಶಪುರದ ಮಾಮೂಲಿ ಮೋಜು ಈ ಅತಿಥಿಗಳಿಗೆ ಬೇಡ. ಇನ್ನು ಆನೆ. ಸಕಲೇಶಪುರ, ಆಲೂರು ಕಡೆ ಆನೆ ಬರುತ್ತದೆ ಅನ್ನುವುದನ್ನು ಮುಚ್ಚಿಟ್ಟರೆ ಕೆಟ್ಟಿರಿ. ಬೆಳಗಿನ ನಡಿಗೆಗೆ ಮೊದಲು ಹಿಂಡು ಎಲ್ಲಿದೆ ಅಂತ ವಿಚಾರಿಸುವವರು ಯಾರು, ಯಾವಾಗ ನಡಿಗೆ ರದ್ದು ಮಾಡುತ್ತೀರಿ, ಇವನ್ನು ಕಾಗದದ ಮೇಲೆ ಬರೆದಿಟ್ಟರೆ ಕೊಳ್ಳುವವನಿಗೆ ಭಯ ಹೋಗಿ ನಂಬಿಕೆ ಬರುತ್ತದೆ.

ರೇಟಿಗೆ ಬರೋಣ. ಇಲ್ಲಿ ಕಮಿಷನ್ ಅನ್ನುವುದಕ್ಕಿಂತ ನೆಟ್ ರೇಟು ಅನ್ನುತ್ತಾರೆ: ನೀವು ಹೊರಗೆ ಹೇಳುವ ದರಕ್ಕಿಂತ ಸುಮಾರು ಶೇ. 20ರಿಂದ 30ರಷ್ಟು ಕಡಿಮೆ, ಅದರ ಮೇಲೆ ಅವರು ತಮ್ಮ ಲಾಭ ಇಟ್ಟುಕೊಳ್ಳುತ್ತಾರೆ. ರೇಟು ಒಂದು ಪೂರ್ತಿ ಸೀಸನ್ನಿಗೆ ನಿಲ್ಲಬೇಕು. ತಿಂಡಿ, ರಾತ್ರಿ ಊಟ, ತೋಟದ ನಡಿಗೆ, ತೆರಿಗೆ ಸೇರಿದೆಯೋ ಇಲ್ಲವೋ ಬಿಡಿಸಿ ಬರೆಯಿರಿ. ಡಿಎಂಸಿಗೆ 5,000 ಅಂತ ಕೊಟ್ಟು, ಮಂಗಳವಾರ ಖಾಲಿ ಇದೆ ಅಂತ ಆನ್‌ಲೈನ್ ಆ್ಯಪಿನಲ್ಲಿ 4,500ಕ್ಕೆ ಬಿಟ್ಟರೆ ಅವನು ಮತ್ತೆ ನಿಮ್ಮ ಕಡೆ ತಿರುಗಿ ನೋಡುವುದಿಲ್ಲ. ಹೋಮ್‌ಸ್ಟೇಯವರು ಸೋಲುವುದು ಹೆಚ್ಚಾಗಿ ಇಲ್ಲೇ. ಕ್ರಿಸ್‌ಮಸ್ ವಾರದಲ್ಲಿ ಬೆಂಗಳೂರಿನವರು ದುಪ್ಪಟ್ಟು ಕೊಡುತ್ತಾರೆ ಅಂತ ಮೊದಲೇ ಒಪ್ಪಿದ ಬುಕಿಂಗ್ ಬಿಟ್ಟರೂ ಹಾಗೆಯೇ. ಆ ದಿನಗಳು ಬೇಡವೆಂದರೆ ರೇಟ್ ಶೀಟಿನಲ್ಲೇ ತೆಗೆದುಬಿಡಿ, ಯಾರೂ ತಪ್ಪು ತಿಳಿಯುವುದಿಲ್ಲ.

ನಾಲ್ಕು ಮನೆಯವರೂ ಒಂದೇ ರೇಟ್ ಶೀಟ್, ಒಂದೇ ಫೋನ್ ನಂಬರು, ಒಂದೇ ಇಮೇಲ್ ಇಟ್ಟುಕೊಳ್ಳಿ. ಆಗ ಹದಿನಾರು ಜನರ ಗುಂಪನ್ನೂ ಹಿಡಿಯಬಹುದು. ಮೊದಲ ವರ್ಷ ಮಾತ್ರ ಇಬ್ಬರು, ನಾಲ್ವರ ಪ್ರವಾಸಗಳನ್ನಷ್ಟೇ ಕೇಳಿ. ಗುಂಪಿನಲ್ಲಿ ಎಡವಟ್ಟಾದರೆ ಸುದ್ದಿ ಬೇಗ ಹರಡುತ್ತದೆ.

ಯಾರಿಗೆ ಬರೆಯಬೇಕು? ಭಾರತೀಯ ಟೂರ್ ಆಪರೇಟರ್‌ಗಳ ಸಂಘ ಐಎಟಿಒ ಇದೆ, 1982ರಿಂದ. ಅದರ ಸದಸ್ಯರಲ್ಲಿ ದೊಡ್ಡ ಹೆಸರುಗಳನ್ನು ಬಿಟ್ಟು ದಕ್ಷಿಣ ಭಾರತ, ಪಕ್ಷಿ ವೀಕ್ಷಣೆ, ಸೈಕಲ್, ದೇವಾಲಯ ಶಿಲ್ಪ ಇಂಥದರಲ್ಲಿ ಪಳಗಿದ ಸಣ್ಣ ಕಂಪನಿಗಳನ್ನು ಆರಿಸಿ. ಒಂದು ಪುಟದ ಪಿಡಿಎಫ್ ಸಾಕು. ಮಾರ್ಚ್‌ನಲ್ಲಿ ಬರ್ಲಿನ್‌ನ ಐಟಿಬಿ, ನವೆಂಬರಿನಲ್ಲಿ ಲಂಡನ್‌ನ ಡಬ್ಲ್ಯುಟಿಎಂ, ಈ ಎರಡು ಮೇಳಗಳಿಗೆ ಹೊರಡುವ ಮೊದಲು ಡಿಎಂಸಿಗಳು ಹೊಸ ಸರಕು ಹುಡುಕುತ್ತಾರೆ. ಆಗ ಬರೆದು, ಎರಡು ರಾತ್ರಿ ಬಂದು ಇದ್ದು ನೋಡಿ ಅಂತ ಕರೆಯಿರಿ. ಬರ್ಲಿನ್ನಿಗೆ ನೀವೇ ದುಡ್ಡು ಸುರಿದು ಹೋಗುವ ಅಗತ್ಯ ಸದ್ಯಕ್ಕೆ ಇಲ್ಲ. ರಾಜ್ಯ ಸರ್ಕಾರವೇ ಬೆಂಗಳೂರಿನಲ್ಲಿ 2019ರಲ್ಲೂ 2025ರಲ್ಲೂ ಅಂತರರಾಷ್ಟ್ರೀಯ ಪ್ರವಾಸೋದ್ಯಮ ಮೇಳ ಮಾಡಿತು. ಮುಂದಿನದು ಘೋಷಣೆಯಾದರೆ ನಾಲ್ವರೂ ಸೇರಿ ಒಂದು ಮೇಜು ಹಿಡಿಯಿರಿ. ಫಲ ಕಾಣುವುದು ಎರಡನೇ ಸೀಸನ್ನಿನಲ್ಲಿ, ಏಕೆಂದರೆ ಅವರ ಪ್ರೋಗ್ರಾಂಗಳು ಒಂದು ವರ್ಷ ಮೊದಲೇ ಅಚ್ಚಾಗಿರುತ್ತವೆ. ಕಬಿನಿಗೂ ವಿದೇಶಿಯರು ತಾವಾಗಿ ಬಂದವರಲ್ಲ. 1980ರಲ್ಲಿ ರಾಜ್ಯ ಸರ್ಕಾರ ಕಬಿನಿಯಂಥ ಕಡೆ ಕಾಡಿನ ಲಾಡ್ಜ್ ನಡೆಸುವ ಜಂಗಲ್ ಲಾಡ್ಜಸ್ ಕಂಪನಿ ಶುರುಮಾಡಿದಾಗ ನೇಪಾಳದ ಟೈಗರ್ ಟಾಪ್ಸ್ ಕಂಪನಿಯನ್ನು ಜೊತೆಗೆ ತೆಗೆದುಕೊಂಡಿತು, ಹೊರದೇಶದ ಗಿರಾಕಿಗಳ ಗುರುತು ಅವರಿಗಿತ್ತು. ಇನ್ನೊಂದು ಮಾತು: ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 2018ರಲ್ಲಿ ಆಯಿತು, ಹನ್ನೆರಡು ವರ್ಷಕ್ಕೊಮ್ಮೆ ಅಂದರೆ ಮುಂದಿನದು 2030. ಆ ಹೊತ್ತಿಗೆ ಹಾಸನ ಜಿಲ್ಲೆಯಲ್ಲಿ ರೂಮು ಹುಡುಕುವವರ ಪಟ್ಟಿಯಲ್ಲಿ ನಿಮ್ಮ ಹೆಸರು ಇರಲಿ.

ಉಳಿದದ್ದು ಕಾಗದಪತ್ರ. ಪ್ರವಾಸೋದ್ಯಮ ಇಲಾಖೆಯ ಹೋಮ್‌ಸ್ಟೇ ನೋಂದಣಿ ಇಲ್ಲದಿದ್ದರೆ ಡಿಎಂಸಿ ಮಾತೇ ಆಡುವುದಿಲ್ಲ. ವಿದೇಶಿಯರು ಉಳಿದುಕೊಂಡರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರದ ಫಾರ್ಮಿನಲ್ಲಿ (ಫಾರ್ಮ್ ಸಿ ಅಂತ ಕರೆಯುತ್ತಾ ಬಂದದ್ದು) ಆನ್‌ಲೈನಿನಲ್ಲಿ ತುಂಬಬೇಕು. ಪಾಸ್‌ಪೋರ್ಟ್, ವೀಸಾ ಪ್ರತಿಗಳನ್ನು ಅತಿಥಿಗಳು ಬರುವ ಮೊದಲೇ ಡಿಎಂಸಿಯಿಂದ ತರಿಸಿಕೊಂಡರೆ ರಾತ್ರಿ ನೆಟ್‌ವರ್ಕಿಗಾಗಿ ಗುಡ್ಡ ಹತ್ತುವ ಕಷ್ಟ ತಪ್ಪುತ್ತದೆ. ದುಡ್ಡಿನ ವಿಷಯದಲ್ಲಿ ಸಂಕೋಚ ಬೇಡ. ತಿಂಗಳ ಉದ್ದರಿ ಕೇಳುವ ಕಂಪನಿಗಳಿರುತ್ತವೆ. ಹೊಸ ಕಂಪನಿಯಾದರೆ ಪೂರ್ತಿ ಹಣ ಅತಿಥಿಗಳು ಬರುವ ಮೊದಲೇ, ಹಿಡಿದಿಟ್ಟ ರೂಮು ಮೂವತ್ತು ದಿನ ಮುಂಚೆ ಖಚಿತವಾಗದಿದ್ದರೆ ನಿಮ್ಮ ಕೈಗೆ ವಾಪಸ್, ಅಂತ ಮೊದಲ ಇಮೇಲಿನಲ್ಲೇ ಬರೆಯಿರಿ.