ಬೆಳಕು ಬಿದ್ದಲ್ಲಿ ಮಾತ್ರ ಕೆಲಸ ಮಾಡುವ ಲೋಹದ ಔಷಧಿ

ಪ್ರಶ್ನೆ: ಅಪ್ಪನಿಗೆ ಮೂತ್ರಕೋಶದ ಕ್ಯಾನ್ಸರ್. ಸಿಸ್‌ಪ್ಲಾಟಿನ್ ಕೊಡುತ್ತಿದ್ದಾರೆ, ವಾಂತಿಯಿಂದ ಸೊರಗಿಹೋಗಿದ್ದಾರೆ. ಬೆಳಕು ತಾಗಿದರೆ ಮಾತ್ರ ಕೆಲಸ ಮಾಡುವ ಲೋಹದ ಔಷಧಿಗಳ ಬಗ್ಗೆ ಓದಿದೆ. ಅದು ಸಿಗುವವರೆಗೆ ಕಿಮೋ ನಿಲ್ಲಿಸಬಹುದೇ?

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ವಾಂತಿ ತಡೆಯಲು ಒಳ್ಳೆಯ ಔಷಧಿಗಳಿವೆ. ಈಗಿನದು ಸಾಲುತ್ತಿಲ್ಲ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ, ಬದಲಿಸುತ್ತಾರೆ.

ಸಿಸ್‌ಪ್ಲಾಟಿನ್ ಕೂಡ ಲೋಹದ ಔಷಧಿಯೇ, ಅದರಲ್ಲಿರುವುದು ಪ್ಲಾಟಿನಂ. 1978ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಅದು ಇಂದಿಗೂ ಎಷ್ಟೋ ಜೀವ ಉಳಿಸುತ್ತಿದೆ. ಆದರೆ ರಕ್ತದೊಂದಿಗೆ ಮೈಯೆಲ್ಲ ಸುತ್ತುವುದರಿಂದ ಮೂತ್ರಪಿಂಡ, ಕಿವಿಗಳಿಗೂ ಪೆಟ್ಟು ಬೀಳುತ್ತದೆ.

ನೀವು ಓದಿದ ಔಷಧಿಗಳಲ್ಲಿ ಹೆಚ್ಚಾಗಿ ರುಥೇನಿಯಂ, ಇರಿಡಿಯಂ ಎಂಬ ಭಾರವಾದ ಲೋಹಗಳಿರುತ್ತವೆ. ಕತ್ತಲಲ್ಲಿ ಅವು ಬಹುಮಟ್ಟಿಗೆ ತೆಪ್ಪಗಿರುತ್ತವೆ. ಬೆಳಕು ಬಿದ್ದಾಗ ಹೀರಿದ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತವೆ. ಹೀಗೆ ಕೆರಳಿದ ಆಮ್ಲಜನಕ ಜೀವಕೋಶವನ್ನು ಒಳಗಿನಿಂದಲೇ ಹಾಳುಮಾಡುತ್ತದೆ. ಅದರ ಆಯುಸ್ಸು ಎಷ್ಟು ಕಡಿಮೆಯೆಂದರೆ, ಹುಟ್ಟಿದ ಜಾಗದಿಂದ ದೂರ ಹೋಗುವ ಮೊದಲೇ ಮುಗಿದಿರುತ್ತದೆ. ಭಾರವಾದ ಲೋಹವೇ ಏಕೆ ಎಂದರೆ, ಹೀರಿದ ಶಕ್ತಿಯನ್ನು ಆಮ್ಲಜನಕ ಸಿಗುವಷ್ಟು ಹೊತ್ತು ಹಿಡಿದಿಡಲು ಅದು ನೆರವಾಗುತ್ತದೆ. ಈ ಗುರಿಗಾರಿಕೆ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ತೊಡಕಿರುವುದು ಬೆಳಕಿನಲ್ಲೇ. ನೀಲಿ ಬೆಳಕು ಮಾಂಸದೊಳಗೆ ಸುಮಾರು ಒಂದು ಮಿಲಿಮೀಟರ್ ಹೋದರೆ ಹೆಚ್ಚು, ಕೆಂಪು ಬೆಳಕು ಕೆಲವು ಮಿಲಿಮೀಟರ್. ಹಾಗಾಗಿ ಬೇರೆಬೇರೆ ಕಡೆ ಹರಡಿದ ಕ್ಯಾನ್ಸರ್‌ಗೆ ಇದು ಆಗಿಬರುವುದಿಲ್ಲ. ಗಡ್ಡೆಯ ನಡುಭಾಗದಲ್ಲಿ ಆಮ್ಲಜನಕವೂ ಕಡಿಮೆ. ಆಮ್ಲಜನಕದ ಹಂಗಿಲ್ಲದೆ, ಬೆಳಕಿಗೆ ತಾವೇ ಒಡೆದು ಕೆಲಸ ಮಾಡುವ ಪ್ಲಾಟಿನಂ ಸಂಯುಕ್ತಗಳನ್ನು ಬ್ರಿಟನ್ನಿನ ರಸಾಯನವಿಜ್ಞಾನಿ ಪೀಟರ್ ಸ್ಯಾಡ್ಲರ್ ಅವರ ತಂಡ ರೂಪಿಸಿದ್ದು ಇದೇ ಕಾರಣಕ್ಕೆ.

ಮೂತ್ರಕೋಶಕ್ಕೆ ನಳಿಕೆಯ ಮೂಲಕ ಬೆಳಕು ಹಾಯಿಸಬಹುದು. ಅದಕ್ಕೇ ಟಿಎಲ್‌ಡಿ-1433 ಎಂಬ ರುಥೇನಿಯಂ ಔಷಧಿಯನ್ನು ಕೆನಡಾದ ಸಂಸ್ಥೆಯೊಂದು ಮೂತ್ರಕೋಶದ ಕ್ಯಾನ್ಸರ್‌ನಲ್ಲೇ ಪ್ರಯೋಗಿಸುತ್ತಿದೆ. ಔಷಧಿಯನ್ನು ನೇರ ಮೂತ್ರಕೋಶಕ್ಕೆ ತುಂಬಿಸಿ, ತೊಳೆದು, ಹಸಿರು ಲೇಸರ್ ಹಾಯಿಸುತ್ತಾರೆ. ಆದರೆ ಇದು ಬಿಸಿಜಿ ಚಿಕಿತ್ಸೆಗೆ (ಕ್ಷಯದ ಲಸಿಕೆಯನ್ನೇ ಮೂತ್ರಕೋಶಕ್ಕೆ ತುಂಬಿಸಿ ದೇಹದ ರೋಗನಿರೋಧಕ ಶಕ್ತಿಯನ್ನು ಕೆರಳಿಸುವುದು) ಬಗ್ಗದ, ಸ್ನಾಯುವಿಗೆ ಇನ್ನೂ ಇಳಿಯದ ಕ್ಯಾನ್ಸರ್‌ಗೆ ಮಾತ್ರ. ಸಿಸ್‌ಪ್ಲಾಟಿನ್ ಸಾಮಾನ್ಯವಾಗಿ ಕೊಡುವುದು ಸ್ನಾಯುವಿಗೆ ಇಳಿದಾಗ ಅಥವಾ ಹರಡಿದಾಗ. ನಿಮ್ಮ ತಂದೆಯವರದು ಯಾವ ಹಂತ ಎಂದು ವೈದ್ಯರನ್ನೇ ಕೇಳಿ. ಕಿವಿಯಲ್ಲಿ ಗುಂಯ್ ಎಂದರೆ ಅಥವಾ ಮೂತ್ರ ಕಡಿಮೆಯಾದರೆ ಮುಂದಿನ ಕಿಮೋವರೆಗೆ ಕಾಯದೆ ಅಂದೇ ತಿಳಿಸಿ.